ಗೂಳಿ ಮನೆಗೆ ಹೋಯಿತು ಎಂದಿದ್ದೆವು

ಪ್ರೀತಿಯ ಲುದೊವೀನ,

ಲಕೋಟೆಯ ಹಿಂದೆ ನನ್ನ ಹೆಸರು ನೋಡಿಯೂ ನೀನಿದನ್ನು ಒಲೆಗೆ ಹಾಕಲಿಲ್ಲವೆಂದರೆ ಅರ್ಧ ಗೆದ್ದೆ. ಮೂವತ್ತಾರು ವರ್ಷಗಳ ಮೇಲೆ ಕಾಗದ ಬರೆಯುವ ಗಂಡಸನ್ನು ಏನೇನು ಬೈಯಬೇಕೋ ಅದನ್ನೆಲ್ಲ ಒಮ್ಮೆ ಬಾಯಿಬಿಟ್ಟು ಬೈದುಬಿಡು, ಆಮೇಲೆ ಓದು. ನಾನು ಕಾಯುತ್ತೇನೆ.

ನಿನ್ನಿಂದ ಒಂದು ಕೆಲಸವಾಗಬೇಕು. ಅದನ್ನು ಮೊದಲೇ ಹೇಳುತ್ತೇನೆ. ಹಳೆಯ ನೆನಪು, ಹಳೆಯ ಪ್ರೀತಿ ಎಂದೆಲ್ಲ ಬಣ್ಣ ಕಟ್ಟಿ ಕೊನೆಗೆ ಕೈಚಾಚಿದರೆ ನಿನಗೆ ಮೈಯೆಲ್ಲ ಉರಿಯುತ್ತದೆಂದು ಮರೆತಿಲ್ಲ. ನಮ್ಮೂರ ಗೂಳಿಕಾಳಗದ ಕಣದ ಹಿಂದಿನ ದೊಡ್ಡಿಯಲ್ಲಿ ಈ ಜುಲೈಯಲ್ಲಿ ಒಬ್ಬ ಪಶುವೈದ್ಯರು ನಿಲ್ಲಬೇಕು. ಈ ತಿಂಗಳ ಕೊನೆಯೊಳಗೆ ಹೆಸರು ಕೊಡದಿದ್ದರೆ, ಗೂಳಿಗಳು ಹಿಂದಿನ ಹಾಗೆಯೇ ಹಸಿ ಗಾಯ ಹೊತ್ತುಕೊಂಡು ಎರಡು ದಿನ ಬಿಸಿಲಿನಲ್ಲಿ ಬಿದ್ದಿರುತ್ತವೆ. ಇಲ್ಲಿ ಯಾರೂ ಒಪ್ಪುತ್ತಿಲ್ಲ. ನೀನು ಬಾ ಎಂದು ಕೇಳುವ ಮುಖ ನನಗಿಲ್ಲ. ಇಲ್ಲದ ಮುಖ ಹೊತ್ತುಕೊಂಡೇ ಕೇಳುತ್ತಿದ್ದೇನೆ.

ಹೇಗಿದ್ದೀಯ? ಬಡಗಣ ಬೆಟ್ಟಗಳಲ್ಲಿ ಕುರಿಗಳಿಗೆ ಹೆರಿಗೆ ಮಾಡಿಸುತ್ತೀಯಂತೆ, ಅಲ್ಲಿಯವರು ನಿನ್ನ ಹೆಸರು ಹೇಳಿದರೆ ಟೋಪಿ ತೆಗೆಯುತ್ತಾರಂತೆ. ನಿನ್ನ ಸೋದರತ್ತೆ ಸಂತೆಯಲ್ಲಿ ಸಿಕ್ಕಾಗಲೆಲ್ಲ ನಾನು ಕೇಳದಿದ್ದರೂ ಹೇಳುತ್ತಾರೆ. ನಾನೂ ಕೇಳದವನ ಹಾಗೆ ನಟಿಸುತ್ತ ಅಲ್ಲೇ ನಿಲ್ಲುತ್ತೇನೆ. ನಿನ್ನ ಯಜಮಾನರು ಒಳ್ಳೆಯ ಮೇಷ್ಟ್ರು, ಒಳ್ಳೆಯ ಮನುಷ್ಯ ಎಂದೂ ಕೇಳಿದ್ದೇನೆ. ಅವರಿಗೆ ನನ್ನ ನಮಸ್ಕಾರ ತಿಳಿಸು. ಮನಸ್ಸಿನಿಂದಲೇ ಹೇಳುತ್ತಿದ್ದೇನೆ, ಬಹುಪಾಲು. ನನ್ನ ಹೆಂಡತಿ ಗ್ರಾಸಿಂದ ತೀರಿಕೊಂಡು ನಾಲ್ಕು ವರ್ಷವಾಯಿತು. ನಿನ್ನ ವಿಷಯ ಅವಳಿಗೆ ಗೊತ್ತಿತ್ತು. ಊಟದಲ್ಲಿ ನಾನು ಕೊಂಕು ತೆಗೆದಾಗಲೆಲ್ಲ, “ಹೋಗಿ ಆ ಡಾಕ್ಟ್ರಮ್ಮನ ಕೈಲಿ ಮಾಡಿಸ್ಕೊಂಡು ತಿನ್ನಿ” ಎನ್ನುತ್ತಿದ್ದಳು. ನಿನಗೆ ಮೊಟ್ಟೆ ಬೇಯಿಸಲೂ ಬರುವುದಿಲ್ಲವೆಂದು ನಾನು ಅವಳಿಗೆ ಕೊನೆಯವರೆಗೂ ಹೇಳಲಿಲ್ಲ, ನೋಡು.

ಆ ಭಾನುವಾರದ ಊಟ ನಿನಗೆ ನೆನಪಿರಲೇಬೇಕು. ನಮ್ಮಮ್ಮನ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಉದ್ದನೆಯ ಮೇಜು, ಹಾವುಮೀನಿನ ಸಾರು, ಕೊಯ್ದಿಟ್ಟ ಕರಬೂಜ, ಸುತ್ತ ಗೂಳಿ ಹಿಡಿಯುವ ನಮ್ಮ ತಂಡದ ಎಂಟೂ ಜನ. ಹಿಂದಿನ ಸಂಜೆ ಆರು ಗೂಳಿಗಳಲ್ಲಿ ಮೂರಕ್ಕೆ ನಾನೇ ಮುಂದಾಳಾಗಿ ನಿಂತಿದ್ದೆ. ಬರಿಗೈಯಲ್ಲಿ ಎದುರಿಗೆ ನಿಂತು, ಕೂಗಿ ಕರೆದು, ಓಡಿಬಂದ ಗೂಳಿಯನ್ನು ಕೊಂಬುಗಳ ನಡುವೆ ಎದೆಗೊಟ್ಟು ತಬ್ಬಿ ಹಿಡಿದಿದ್ದೆ. ನನ್ನ ಮೂಗು ಬದನೆಕಾಯಿಯಾಗಿತ್ತು, ಊರಿಗೆಲ್ಲ ನಾನೇ ದೊರೆಯಾಗಿದ್ದೆ. ನಮ್ಮಿಬ್ಬರ ಮದುವೆಯ ಪ್ರಕಟಣೆಯನ್ನು ಪಾದ್ರಿಗಳು ಚರ್ಚಿನಲ್ಲಿ ಎರಡು ಸಲ ಓದಿಯಾಗಿತ್ತು, ಇನ್ನೊಂದೇ ಬಾಕಿ. ನೀನು ಓದು ಮುಗಿಸಿಕೊಂಡು ಬಂದು, ಅದೇ ವರ್ಷ ಕಣದ ವೈದ್ಯೆಯಾಗಿ ನೇಮಕಗೊಂಡಿದ್ದೆ.

ನೀನು ತಡವಾಗಿ ಬಂದೆ. ತೋಳು ಮೊಣಕೈವರೆಗೆ ಒಣಗಿದ ರಕ್ತಕ್ಕೆ ಕಂದು ಬಣ್ಣಕ್ಕೆ ತಿರುಗಿತ್ತು. ಕೂರಲಿಲ್ಲ. “ಸಿಲ್ವೇರಿಯೊ, ಒಂದು ಹತ್ನಿಮಿಷ ಬಾ. ದೊಡ್ಡಿ ಬಾಗ್ಲು ಹಿಡ್ಕೊಳ್ಳೋಕೆ ಒಬ್ರು ಬೇಕು, ಒಬ್ಳೇ ಆಗ್ತಿಲ್ಲ. ಅವಕ್ಕೆ ಜ್ವರ ಬಂದಿದೆ” ಎಂದೆ. ಮೇಜಿನವರೆಲ್ಲ ನನ್ನ ಕಡೆ ನೋಡಿದರು. ಆಗ ವಾಲ್ದೆಮಾರ್, ಗೂಳಿಯ ಬಾಲ ಹಿಡಿದು ನಿಲ್ಲುವ ನಮ್ಮ ವಾಲ್ದೆಮಾರ್, ಚಮಚ ಎತ್ತಿ, “ಏನ್ ಡಾಕ್ಟ್ರಮ್ಮ, ಗೂಳಿಗೂ ಸಾರು ಬಡಿಸ್ಬೇಕಾ? ಒಂದು ತಟ್ಟೆ ತಗೊಂಡೋಗಿ, ಅಮ್ಮ ಏನೂ ಅನ್ಕೊಳ್ಳಲ್ಲ!” ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಲುದೊವೀನ. ನಕ್ಕದ್ದೂ ಅಲ್ಲದೆ ಎದೆಯುಬ್ಬಿಸಿ, “ನಾವು ಗೂಳಿಗೆ ಬೆನ್ನು ತೋರಿಸಿ ನಿಧಾನಕ್ಕೆ ನಡ್ಕೊಂಡು ಬರೋ ಜನ. ಅದೇ ನಾವು ಅದಕ್ಕೆ ಕೊಡೋ ಮರ್ಯಾದೆ. ತಿರುಗಿ ನೋಡೋ ಪದ್ಧತಿ ನಮ್ಮಲ್ಲಿಲ್ಲ” ಎಂದು ಭಾಷಣ ಬಿಗಿದೆ.

ನೀನು ಅಮ್ಮನ ಬಾವಿಕಟ್ಟೆಯ ಬಕೆಟ್ ಎತ್ತಿಕೊಂಡು ಹೊರಟುಹೋದೆ. ಮಂಗಳವಾರದ ರೈಲಿಗೆ ಊರೇ ಬಿಟ್ಟೆ. ನಿಲ್ದಾಣಕ್ಕೆ ಓಡಿಬಂದಾಗ ನೀನು ಅಳುತ್ತಿರಲಿಲ್ಲ, ಕೂಗಾಡಲೂ ಇಲ್ಲ. “ನಿನ್ನ ಧೈರ್ಯ ಹತ್ತು ನಿಮಿಷದ್ದು ಕಣೋ. ನಂಗೆ ಅದಕ್ಕಿಂತ ಉದ್ದದ್ದು ಬೇಕಿತ್ತು” ಎಂದೆ. ಆ ಮಾತು ನನಗೆ ಅರ್ಥವೇ ಆಗಲಿಲ್ಲ ಎಂದರೆ ನಂಬುತ್ತೀಯಾ? ಓದಿದ ಹುಡುಗಿ, ತಲೆ ತಿರುಗಿದೆ ಎಂದುಕೊಂಡೆ. ಊರಿನವರೂ ಹಾಗೇ ಅಂದರು. ಊರು ನನ್ನ ಪರವಾಗಿ ಮಾತಾಡಿದ್ದು ನನಗೆ ಬಹಳ ಹಿತವಾಗಿತ್ತು.

ಒಂದು ಮಾತು ಮುಚ್ಚಿಡುವುದಿಲ್ಲ. ನನಗೆ ಆ ಆಟವೆಂದರೆ ಪ್ರಾಣ. ಈಗಲೂ ಕಣದ ಕಹಳೆ ಕೇಳಿದರೆ ಮೊಣಕಾಲು ತನ್ನಷ್ಟಕ್ಕೆ ಬಿಗಿಯಾಗುತ್ತದೆ. ನಾವ್ಯಾರೂ ದುಡ್ಡಿಗೆ ನಿಂತವರಲ್ಲ. ವಾರವೆಲ್ಲ ಟೊಮೆಟೊ ಕಾರ್ಖಾನೆಯಲ್ಲಿ ದುಡಿದು, ಶನಿವಾರ ಹೂವಿನ ಚಿತ್ರದ ಅಂಗಿ ತೊಟ್ಟು ಸಾಯಲು ಸಿದ್ಧರಾಗುತ್ತಿದ್ದೆವು. ಗೂಳಿ ಬಂದು ಎದೆಗೆ ಅಪ್ಪಳಿಸಿದ ಆ ಗಳಿಗೆಯಲ್ಲಿ ನನ್ನ ಕೆನ್ನೆ ಅದರ ಹಣೆಗೆ ಅಂಟಿಕೊಂಡಿರುತ್ತಿತ್ತು. ಅದರ ಉಸಿರು ನನ್ನ ಹೊಟ್ಟೆಗೆ ಬಿಸಿಯಾಗಿ ತಾಗುತ್ತಿತ್ತು. ಹಿಂದಿನಿಂದ ಏಳು ಜನ ಬಂದು ಒಬ್ಬರ ಮೇಲೊಬ್ಬರು ಒರಗಿ ನನ್ನನ್ನು ಬೀಳದ ಹಾಗೆ ಹಿಡಿಯುತ್ತಿದ್ದರು. ಅಷ್ಟು ಬಿಗಿಯಾಗಿ ನಾನು ಯಾರನ್ನೂ ಅಪ್ಪಿಲ್ಲ. ನಿನ್ನನ್ನೂ ಅಪ್ಪಲಿಲ್ಲ, ಕ್ಷಮಿಸು. ಆ ಏಳು ಜನರ ಮೇಲೆ ನನಗಿರುವ ಪ್ರೀತಿ ಎಂಥದೆಂದು ನಿನಗೆ ಗೊತ್ತಿದೆ. ಅದು ಗೊತ್ತಿಲ್ಲದವರಿಗೆ ಮುಂದಿನದು ಸುಲಭವಾಗಿ ಕಾಣಬಹುದು.

ನಮ್ಮ ಗಡಿಯಾಚೆಯವರ ಹಾಗೆ ನಾವು ಕಣದಲ್ಲಿ ಗೂಳಿಯನ್ನು ಕೊಲ್ಲುವುದಿಲ್ಲ ಎಂದು ನಮಗೆಷ್ಟು ಜಂಭ! ಕುದುರೆ ಸವಾರ ಅದರ ಹೆಗಲಿಗೆ ಕೊಕ್ಕೆಮುಳ್ಳುಗಳನ್ನು ಚುಚ್ಚುತ್ತಾನೆ, ನಾವು ಹಿಡಿಯುತ್ತೇವೆ, ಬಿಡುತ್ತೇವೆ. ಆಮೇಲೆ ಕೊರಳಿಗೆ ಗಂಟೆ ಕಟ್ಟಿದ ಎತ್ತುಗಳನ್ನು ಒಳಗೆ ಬಿಡುತ್ತಾರೆ. ಅಷ್ಟು ಹೊತ್ತು ಕೆರಳಿ ಕೆಂಡವಾಗಿದ್ದ ಗೂಳಿ ಆ ಗಂಟೆಯ ಸದ್ದಿಗೆ ತಣ್ಣಗಾಗಿ ಎತ್ತುಗಳ ನಡುವೆ ಸೇರಿಕೊಂಡು ಬಾಗಿಲಾಚೆ ಹೋಗುತ್ತದೆ. ಜನ ಎದ್ದುನಿಂತು ಚಪ್ಪಾಳೆ ತಟ್ಟುತ್ತಾರೆ. ನಾನು ನಾಲ್ಕು ವರ್ಷದವನಿದ್ದಾಗ, ಎಲ್ಲಿಗೆ ಹೋಯಿತು ಎಂದು ಕೇಳಿದ್ದೆನಂತೆ. ಅಪ್ಪ, “ಮನೆಗೋಯ್ತು ಮಗಾ, ಅವರಮ್ಮನ ಹತ್ರ” ಎಂದಿದ್ದ. ನಾನು ನನ್ನ ಮಗಳಿಗೂ ಅದನ್ನೇ ಹೇಳಿದೆ. ಊರಿನ ಪ್ರತಿಯೊಬ್ಬ ಅಪ್ಪನೂ ಹೇಳುವುದು ಅದನ್ನೇ. ದೊಡ್ಡವರಾದ ಮೇಲೆ, ಸೋಮವಾರ ಕಸಾಯಿಖಾನೆಯ ಲಾರಿ ಬರುತ್ತದೆಂದು ಎಲ್ಲರಿಗೂ ತಿಳಿಯುತ್ತದೆ. ಆದರೂ ಗಂಟೆಯ ಸದ್ದು ಕೇಳಿದ ಕೂಡಲೇ ಬಾಯಿಗೆ ಬರುವುದು ಅದೇ, ಮನೆಗೆ ಹೋಯಿತು. ಶನಿವಾರ ಸಂಜೆಗೂ ಸೋಮವಾರಕ್ಕೂ ನಡುವೆ ಒಂದು ಭಾನುವಾರವಿದೆ ಎಂಬುದು ಊರಿನಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಿನಗೊಬ್ಬಳಿಗೆ ಹೊಳೆದಿತ್ತು.

ಕಳೆದ ಜುಲೈಯಲ್ಲಿ ದೊಡ್ಡಿ ಕಾಯುವ ಬೆಲ್ಮೀರೊ ಬಿದ್ದು ಸೊಂಟ ಮುರಿದುಕೊಂಡ. ಆಸ್ಪತ್ರೆಯಿಂದಲೇ ನನಗೆ ಫೋನ್ ಮಾಡಿ, “ಅಣ್ಣಾ, ಭಾನುವಾರ ಬೆಳಿಗ್ಗೆ ಹೋಗಿ ತೊಟ್ಟಿಗೆ ನೀರು ಬಿಟ್ಬಿಡು. ಪೈಪು ಗೋಡೆ ಹೊರಗಡೇನೇ ಇದೆ, ನಲ್ಲಿ ತಿರುಗಿಸಿದ್ರೆ ಆಯ್ತು. ಒಳಗೆ ಇಣುಕೋದೇನೂ ಬೇಡ” ಎಂದ. ಆ ಕೊನೆಯ ಮಾತನ್ನು ಯಾಕೆ ಹೇಳಿದನೆಂದು ಆಗ ಯೋಚಿಸಲಿಲ್ಲ. ಚರ್ಚು ಮುಗಿಸಿ, ಒಳ್ಳೆಯ ಷರಟಿನಲ್ಲೇ ಹೋಗಿ ನಲ್ಲಿ ತಿರುಗಿಸಿದೆ. ನೀರು ಬರಲಿಲ್ಲ. ಪೈಪು ಬಿಸಿಲಿಗೆ ಸೀಳಿತ್ತು. ಬಕೆಟ್ ಹುಡುಕಿಕೊಂಡು ಒಳಗೆ ಹೋಗಲೇಬೇಕಾಯಿತು. ನನಗಾಗ ಅರವತ್ತಮೂರು. ಹದಿನೇಳು ವರ್ಷ ಗೂಳಿ ಹಿಡಿದವನು, ಆಮೇಲೂ ಹದಿನೆಂಟು ವರ್ಷ ಕಣದ ಸಮಿತಿಯಲ್ಲಿ ಕೂತವನು, ಆ ಬಾಗಿಲು ದಾಟಿದ್ದು ಅದೇ ಮೊದಲು.

ಮೊದಲು ವಾಸನೆ, ಆಮೇಲೆ ನೊಣಗಳ ಸದ್ದು. ಒಂದೊಂದು ಕೋಣೆಯಲ್ಲಿ ಒಂದೊಂದು ಗೂಳಿ. ಕೊಕ್ಕೆಮುಳ್ಳುಗಳನ್ನು ಚಾಕುವಿನಿಂದ ಕೊಯ್ದು ತೆಗೆದಿದ್ದರು, ಅಷ್ಟೇ. ಮುಚ್ಚಿರಲಿಲ್ಲ, ಔಷಧಿ ಇರಲಿಲ್ಲ. ಹೆಗಲ ಮೇಲೆ ಮುಷ್ಟಿ ಹಿಡಿಯುವಷ್ಟು ಗುಂಡಿಗಳು. ತೊಟ್ಟಿ ಒಣಗಿ ಬಿರುಕು ಬಿಟ್ಟಿತ್ತು. ಹೆಚ್ಚು ಬರೆಯುವುದಿಲ್ಲ, ನೀನು ನೋಡಿದ್ದೀಯ, ನಿನಗೆ ನಾನೇನು ಹೇಳಲಿ. ಮೂಲೆಯ ಕೋಣೆಯಲ್ಲಿ ಇಪ್ಪತ್ತೇಳನೆಯ ನಂಬರಿನದು ಮಲಗಿತ್ತು. ಹಿಂದಿನ ಸಂಜೆ ಹುಡುಗರನ್ನು ಮೂರು ಸಲ ಎತ್ತಿ ಒಗೆದದ್ದು ಅದೇ. ಅಂಥ ಗೂಳಿ ಹತ್ತು ವರ್ಷಕ್ಕೊಂದು ಎಂದು ಸಮಿತಿಯ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದ್ದು ನಾನೇ. ಈಗ ಅಲುಗಾಡುತ್ತಿರಲಿಲ್ಲ. ಸತ್ತಿದೆಯೋ ಏನೋ ತಿಳಿಯಲಿಲ್ಲ.

ಆಗ ನಾನು ಮಾಡಿದ್ದನ್ನು ಇದುವರೆಗೆ ಯಾರಿಗೂ ಹೇಳಿಲ್ಲ, ಸಭೆಯಲ್ಲೂ ಹೇಳಲಿಲ್ಲ. ನಿನಗೆ ಹೇಳುತ್ತೇನೆ. ನಾನು ಅದನ್ನು ಕರೆದೆ. ಬೇಕೆಂದಲ್ಲ. ಬಾಯಿಗೆ ಬಂದದ್ದು ಅದೊಂದೇ ಕರೆ, ಹದಿನೇಳು ವರ್ಷ ಕಣದ ನಡುವೆ ಸೊಂಟದ ಮೇಲೆ ಕೈಯಿಟ್ಟು ಕರೆದ ಕರೆ. “ಏಯ್ ಗೂಳೀ... ಏಯ್!” ಎಂದೆ. ಅದು ಎದ್ದಿತು, ಲುದೊವೀನ. ಮುಂಗಾಲು ಎರಡು ಸಲ ಜಾರಿತು, ಮೂರನೆಯ ಸಲಕ್ಕೆ ಎದ್ದಿತು. ಜ್ವರಕ್ಕೆ ಮೈಯೆಲ್ಲ ನಡುಗುತ್ತಿತ್ತು, ಮೂಗು ಒಣಗಿ ಹೋಗಿತ್ತು. ಆದರೂ ನನಗೆ ಎದುರಾಗಿ ನಿಂತು ತಲೆ ತಗ್ಗಿಸಿತು, ನಾನು ಕರೆದೆನಲ್ಲ ಎಂದು. “ಬೇಡ ಮಾರಾಯ, ಬೇಡ, ಕೂತ್ಕೋ. ತಪ್ಪಾಯ್ತು, ಕೂತ್ಕೋ” ಎಂದು ಗೋಗರೆದೆ. ಅದಕ್ಕೆ ಆ ಮಾತು ಗೊತ್ತಿರಲಿಲ್ಲ. ಅದಕ್ಕೆ ಕೂತುಕೋ ಎಂದು ನಾವು ಯಾರೂ ಯಾವತ್ತೂ ಹೇಳಿದವರಲ್ಲ. ನಾನು ಗೋಡೆಯ ಮರೆಗೆ ಸರಿದು ಕಾಣದ ಹಾಗಾದ ಮೇಲೆಯೇ ಅದು ಮಲಗಿದ್ದು. ಆ ಗೋಡೆಗೆ ಒರಗಿ ಮಗುವಿನ ಹಾಗೆ ಅತ್ತೆ.

ಆ ದಿನ ಬಾವಿಯಿಂದ ನೀರು ಹೊತ್ತೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಒಳ್ಳೆಯ ಷರಟು ಹಾಳಾಯಿತು. ಐದು ಗೂಳಿಗಳು ಕುಡಿದವು. ಇಪ್ಪತ್ತೇಳಕ್ಕೆ ಗೋಡೆಯ ಮೇಲಿನಿಂದ ಚಿಮುಕಿಸಿದೆ, ನಾಲಿಗೆ ಚಾಚಿ ನೆಲವನ್ನು ನೆಕ್ಕಿತು. ಸೋಮವಾರ ಬೆಳಿಗ್ಗೆ ಲಾರಿ ಬಂದಾಗ ಅದು ತಾನೇ ಹತ್ತಲಿಲ್ಲ. ಅದಕ್ಕಿಂತ ಮುಂದಿನದನ್ನು ಬರೆಯಲು ನನ್ನಿಂದ ಆಗುವುದಿಲ್ಲ. ನಿನಗೆ ಕಾಗದ ಬರೆಯಬೇಕೆಂದು ಆ ಮಧ್ಯಾಹ್ನವೇ ಕೂತೆ. “ನೀನು ಹೇಳಿದ್ದು ನಿಜ” ಎಂಬ ಮೂರು ಪದ ಬರೆಯಲು ಒಂದು ವರ್ಷ ಹಿಡಿಯಿತು.

ಫೆಬ್ರವರಿಯಲ್ಲಿ ಊರಿನ ಸಭೆ ಸೇರಿತು, ಗೂಳಿಕಾಳಗ ಬೇಕೋ ಬೇಡವೋ ಎಂದು. ಈಗ ಕಣದಲ್ಲಿ ಜನ ಕೂರುವ ಅರ್ಧ ಮೆಟ್ಟಿಲುಗಳು ಖಾಲಿ ಇರುತ್ತವೆ. ಹೊರಗೆ ಹುಡುಗಿಯರು ಕಾಳಗ ಬೇಡವೆಂದು ಬರೆದ ಹಲಗೆ ಹಿಡಿದು ಕೂಗುತ್ತಾರೆ. ಅವರಲ್ಲಿ ಇಬ್ಬರು ನಮ್ಮದೇ ತಂಡದವರ ಮೊಮ್ಮಕ್ಕಳು. ನಮ್ಮವರು ನನ್ನನ್ನೇ ಮಾತಾಡಲು ಎಬ್ಬಿಸಿದರು, ಹಳೆಯ ನಾಯಕ, ಮುರಿದ ಮೂಗು, ನಾಲ್ಕು ಮಾತಾಡಿದರೆ ಗೆದ್ದೆವು ಎಂದು. ನಾನು ಎದ್ದು ಭಾನುವಾರದ ಮಾತಾಡಿದೆ. ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ತೊಟ್ಟಿಯಲ್ಲಿ ನೀರಿರಲಿಲ್ಲ ಎಂದೆ. ಗೂಳಿ ಮನೆಗೆ ಹೋಗುವುದಿಲ್ಲ, ನಾವೆಲ್ಲ ನಮ್ಮ ಮಕ್ಕಳಿಗೆ ಸುಳ್ಳು ಹೇಳಿದ್ದೇವೆ ಎಂದೆ. ಚಪ್ಪಾಳೆ ಒಂದೂ ಬೀಳಲಿಲ್ಲ. ವಾಲ್ದೆಮಾರ್ ಹಿಂದಿನ ಸಾಲಿನಿಂದ ಎದ್ದು, “ನಲವತ್ತು ವರ್ಷ ನಿನ್ನ ಬೆನ್ನಿಗೆ ನಿಂತೋರನ್ನ ಇವತ್ತು ಕಟುಕರು ಮಾಡ್ಬಿಟ್ಟೆಯಲ್ಲೋ, ಸಿಲ್ವೇರಿಯೊ!” ಎಂದ. “ನಾನು ನೀರಿನ ಮಾತಾಡಿದ್ದು ಕಣೋ” ಎಂದೆ. ಕೇಳಿಸಿಕೊಳ್ಳಲಿಲ್ಲ, ಬಾಗಿಲು ಬಡಿದುಕೊಂಡು ಹೊರಟುಹೋದ.

ಆವತ್ತಿನಿಂದ ಕಾಫಿ ಅಂಗಡಿಗೆ ನಾನು ಹೋದರೆ ಅವನು ಕುರ್ಚಿ ತಿರುಗಿಸಿ ಕೂರುತ್ತಿದ್ದ. ಗುರುವಾರದ ತಂಡದ ಊಟಕ್ಕೆ ನನಗೆ ತಟ್ಟೆ ಹಾಕುವುದು ನಿಂತಿತು. ಎಲ್ಲರೂ ಗೂಳಿಯಿಂದ ದೂರ ಸರಿಯುವ ತನಕ ಬಾಲ ಬಿಡದೆ ಒಬ್ಬನೇ ನಿಲ್ಲುವವನು ಅವನು. ನನ್ನ ಪಕ್ಕೆಲುಬು ಮುರಿದ ದಿನ ಗೂಳಿಯನ್ನು ಗಿರಗಿರನೆ ತಿರುಗಿಸಿ ನನ್ನ ಜೀವ ಉಳಿಸಿದವನು. ಅವನ ಬೆನ್ನು ನೋಡುತ್ತ ಕಾಫಿ ಕುಡಿಯುವುದು ಎಷ್ಟು ಕಷ್ಟವೆಂದು ಯಾರಿಗೆ ಹೇಳಲಿ? ಆ ಕಡೆ ಹಲಗೆ ಹಿಡಿದ ಹುಡುಗಿಯರು ಬಂದು ತಬ್ಬಿಕೊಂಡು, “ತಾತ, ನೀವು ನಮ್ಮೋರು” ಎಂದು ಫೋಟೋ ತೆಗೆದುಕೊಂಡರು. ನನಗೆ ಅದೂ ಒಗ್ಗಲಿಲ್ಲ. ನಾನು ಯಾರವನೂ ಅಲ್ಲದೆ ನಾಲ್ಕು ತಿಂಗಳು ಕಳೆದಿದ್ದೇನೆ.

ಕಾಳಗ ಮುಂದುವರಿಯಲಿ ಎಂದೇ ಸಭೆ ತೀರ್ಮಾನಿಸಿತು. ಆದರೆ ಅಧ್ಯಕ್ಷೆ ದೊನಾ ಫಿಲಿಪಾ ನನ್ನ ಮಾತನ್ನು ಕಾಗದಕ್ಕೆ ಇಳಿಸಿದರು. ಈ ವರ್ಷದಿಂದ ಆಟ ಶನಿವಾರವಲ್ಲ, ಕಸಾಯಿಖಾನೆಗೆ ರಜೆಯಿಲ್ಲದ ಮಂಗಳವಾರ ಮಧ್ಯಾಹ್ನ. ಲಾರಿ ಅದೇ ಸಂಜೆ. ನಡುವಿನ ಆ ಎರಡು ಮೂರು ಗಂಟೆ ದೊಡ್ಡಿಯಲ್ಲಿ ವೈದ್ಯರಿರಬೇಕು, ನೋವಿಗೆ ಔಷಧಿ ಕೊಡಬೇಕು, ನೀರಿರಬೇಕು. ವೈದ್ಯರ ಒಪ್ಪಿಗೆ ಪತ್ರ ಜೂನ್ ಮುಗಿಯುವುದರೊಳಗೆ ಬರದಿದ್ದರೆ ಎಲ್ಲವೂ ಹಳೆಯ ಹಾಗೆಯೇ ಎಂಬ ಷರತ್ತನ್ನು ನಮ್ಮ ಸಮಿತಿಯವರು ಸೇರಿಸಿದರು. ಸುತ್ತಲಿನ ಮೂವರು ವೈದ್ಯರ ಮನೆ ಬಾಗಿಲಿಗೂ ಹೋಗಿ ಬಂದೆ. ಒಬ್ಬ ಹುಡುಗ ಪ್ರಾಮಾಣಿಕವಾಗಿ ಹೇಳಿದ: “ಅಲ್ಲಿ ನಿಂತ್ರೆ ಗೂಳಿ ಸಾಕೋರು ನನ್ನನ್ನ ದ್ರೋಹಿ ಅಂತಾರೆ, ಹಲಗೆ ಹಿಡಿದೋರು ಹಿಂಸೆಗೆ ಪಾಲುದಾರ ಅಂತಾರೆ. ನಂಗೆ ಇನ್ನೂ ಮೂವತ್ತು ವರ್ಷ ಇಲ್ಲಿ ಬದುಕಬೇಕು ಸಾರ್.” ಅವನ ಮೇಲೆ ಸಿಟ್ಟು ಬರಲಿಲ್ಲ. ನಿನಗೆ ಇಪ್ಪತ್ತಾರು ವರ್ಷವಿದ್ದಾಗ ನೀನು ಒಬ್ಬಳೇ ನಿಂತಿದ್ದೆಯಲ್ಲ ಎಂದು ಮಾತ್ರ ಅನ್ನಿಸಿತು. ಜೊತೆಗೆ ಬಾಗಿಲು ಹಿಡಿಯಲು ಒಬ್ಬನೂ ಇರಲಿಲ್ಲ.

ಇದು ಬಹಳ ಸಣ್ಣ ಕೆಲಸವೆಂದು ಗೊತ್ತು. ಕೊನೆಗೂ ಲಾರಿ ಬರುತ್ತದೆ, ಲಾರಿ ಹೋಗುವ ಜಾಗ ಬದಲಾಗಿಲ್ಲ. “ಪೂರ್ತಿ ನಿಲ್ಲಿಸಿ, ಆಗ ಬರ್ತೀನಿ” ಎಂದು ನೀನು ಹೇಳಿದರೆ ಅದು ನಿನ್ನ ಹಕ್ಕು. ಹಾಗೆ ಬರೆದು ಕಳಿಸು, ಮುಂದಿನ ಸಭೆಯಲ್ಲಿ ನಿನ್ನ ಕಾಗದವನ್ನು ಒಂದಕ್ಷರ ಬಿಡದೆ ಓದುತ್ತೇನೆ. ಬಹುಶಃ ನನ್ನ ಮೊಮ್ಮಕ್ಕಳ ಕಾಲಕ್ಕೆ ನಿಂತೇ ಹೋಗುತ್ತದೆ. ನಿಂತ ದಿನ ನಾನು ಅಳುತ್ತೇನೆ, ಸಮಾಧಾನವನ್ನೂ ಪಡುತ್ತೇನೆ. ಎರಡೂ ಒಟ್ಟಿಗೆ ಆಗುವುದುಂಟು ಎಂದು ಈ ವಯಸ್ಸಿನಲ್ಲಿ ಗೊತ್ತಾಗಿದೆ. ಆದರೆ ಈ ಜುಲೈಯಲ್ಲಿ ಆರು ಗೂಳಿಗಳು ಬಂದೇ ಬರುತ್ತವೆ, ಲುದೊವೀನ. ಅವು ಈಗ ಹೊಳೆಯಾಚೆಯ ಹುಲ್ಲಿನಲ್ಲಿ ಮೇಯುತ್ತಿವೆ. ನಿನ್ನೆ ಹೋಗಿ ನೋಡಿಬಂದೆ, ಕರೆಯಲಿಲ್ಲ.

ಕಾಗದ ಇಲ್ಲಿಗೆ ಮುಗಿಸಬೇಕೆಂದಿದ್ದೆ. ಅಷ್ಟರಲ್ಲಿ ಇವತ್ತು ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ವಾಲ್ದೆಮಾರ್! ನಾಲ್ಕು ತಿಂಗಳಾದ ಮೇಲೆ. ಒಳಗೆ ಬಾ ಎಂದರೂ ಬರಲಿಲ್ಲ, ಹೊಸ್ತಿಲಲ್ಲೇ ನಿಂತು ಟೋಪಿಯ ಅಂಚು ತಿರುಗಿಸುತ್ತಿದ್ದ. “ಡಾಕ್ಟ್ರಮ್ಮಂಗೆ ಕಾಗದ ಬರೀತಿದೀಯಂತೆ” ಎಂದ. ಹೌದೆಂದೆ. “ಬರ್ತಾರಾ?” ಎಂದ. ಗೊತ್ತಿಲ್ಲವೆಂದೆ. ನೆಲ ನೋಡುತ್ತ, “ಆವತ್ತು ಸಾರಿನ ಮಾತು ನಾನು ಆಡಬಾರ್ದಿತ್ತು. ಅದನ್ನೂ ಬರಿ” ಎಂದ. ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ಹೋದವನು ನಿಂತ. “ನಿಂಗೆ ಮೊಣಕಾಲು ನೋವು. ಬಾಗ್ಲು ನಾನ್ ಹಿಡ್ಕೋತೀನಿ” ಎಂದ.

ಅದನ್ನು ಬರೆದಿದ್ದೇನೆ. ನೀನು ಬಂದರೆ ಜುಲೈ ಒಂಬತ್ತನೆಯ ತಾರೀಖಿನ ಮಂಗಳವಾರ, ಬಾರದಿದ್ದರೆ ಹಳೆಯ ಹಾಗೆ ಶನಿವಾರದಿಂದ ಸೋಮವಾರದವರೆಗೆ, ನಾವಿಬ್ಬರು ಮುದುಕರು ಆ ದೊಡ್ಡಿಯ ಒಳಗಿರುತ್ತೇವೆ, ಕೊನೆಯ ಗೂಳಿ ಹೊರಡುವವರೆಗೆ. ನಮಗೆ ನೀರು ಹೊರಲು ಬರುತ್ತದೆ. ನೋವು ಕಡಿಮೆ ಮಾಡಲು ಬರುವುದಿಲ್ಲ.

ಎಳೆಯ ಕುರಿಮರಿಗಳನ್ನು ಬದುಕಿಗೆ ಎಳೆದುಕೊಳ್ಳುವ ಆ ನಿನ್ನ ಕೈಗಳು ಸದಾ ಬೆಚ್ಚಗಿರಲಿ, ನಿನ್ನ ಮನೆ ತಣ್ಣಗಿರಲಿ.

ತಡವಾಗಿ ತಿರುಗಿ ನೋಡಿದ,
ಸಿಲ್ವೇರಿಯೊ